ನದಿಗೆ ತೈಲ ಸೋರಿದರೆ: ಮಾಂಜ್ರಾ ದಂಡೆಯ ಲೆಕ್ಕಾಚಾರ

ಬೀದರ: ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟುವ ಮಾಂಜ್ರಾ ನದಿಯು ಲಾತೂರ್ ಜಿಲ್ಲೆಯನ್ನು ದಾಟಿ, ಭಾಲ್ಕಿ ತಾಲ್ಲೂಕಿನ ಮೆಹಕರ ಭಾಗಕ್ಕೆ ಬಂದು, ಔರಾದ್ ಮತ್ತು ಬೀದರ ತಾಲ್ಲೂಕುಗಳ ಮೂಲಕ ತೆಲಂಗಾಣದ ಸಿಂಗೂರು ಜಲಾಶಯವನ್ನು ಸೇರುತ್ತದೆ. ದಂಡೆಯ ಊರುಗಳ ಕುಡಿಯುವ ನೀರು, ಕಬ್ಬಿನ ಬೆಳೆ, ಮೆಹಕರ ಏತ ನೀರಾವರಿ ಎಲ್ಲವೂ ಈ ನದಿಯನ್ನೇ ನೆಚ್ಚಿಕೊಂಡಿವೆ. ಸಿಂಗೂರಿನ ನೀರು ಹೈದರಾಬಾದ್ ನಗರಕ್ಕೂ ಹೋಗುತ್ತದೆ. ಬೀದರ–ಔರಾದ್ ರಸ್ತೆಯಲ್ಲಿ ಕೌಠಾ ಬಳಿಯ ಸೇತುವೆಯ ಮೇಲೆ ಡೀಸೆಲ್ ಟ್ಯಾಂಕರೊಂದು ಉರುಳಿತೆಂದು ಭಾವಿಸಿದರೆ ಮುಂದೇನಾದೀತು?

12 ಸಾವಿರ ಲೀಟರ್ ಡೀಸೆಲ್ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಹರಡಿದರೆ 1.2 ಚದರ ಕಿಲೋಮೀಟರ್ ನೀರನ್ನು ಮುಚ್ಚುತ್ತದೆ. ನೂರು ಮೀಟರ್ ಅಗಲದ ನದಿಯಲ್ಲಿ ಅದು 12 ಕಿಲೋಮೀಟರ್ ಉದ್ದದ ಪಟ್ಟಿ. ಒಂದು ಟ್ಯಾಂಕರಿಗೆ ಇಷ್ಟು ಸಾಕು.

ಸಮುದ್ರದಲ್ಲಿ ತೈಲದ ದಿಕ್ಕನ್ನು ಗಾಳಿ ಮತ್ತು ಅಲೆ ಬದಲಿಸುತ್ತಿರುತ್ತವೆ. ನದಿಯಲ್ಲಿ ಹರಿವೇ ಯಜಮಾನ. ನೀರಿನ ಮೇಲ್ಪದರದ ವೇಗವೇ ತೈಲದ ವೇಗ; ಗಾಳಿಯದು ತನ್ನ ವೇಗದ ಶೇ 3ರಷ್ಟು ಪ್ರಭಾವ ಮಾತ್ರ. ನೀರು ಸೆಕೆಂಡಿಗೆ ಅರ್ಧ ಮೀಟರ್ ಹರಿಯುತ್ತಿದ್ದರೆ ತೈಲವು ಹತ್ತು ಗಂಟೆಗಳಲ್ಲಿ 18 ಕಿಲೋಮೀಟರ್ ಕ್ರಮಿಸುತ್ತದೆ. ಆದ್ದರಿಂದ ಸೋರಿದ ಸ್ಥಳಕ್ಕೆ ಎಲ್ಲರೂ ಧಾವಿಸುವುದು ವ್ಯರ್ಥ. ಸೋರಿಕೆಯನ್ನು ನಿಲ್ಲಿಸಲು ಒಂದು ತಂಡ ಅಲ್ಲಿದ್ದರೆ, ಉಳಿದವರು ಕೆಳಭಾಗದಲ್ಲಿ ತೈಲಕ್ಕಿಂತ ಮೊದಲೇ ತಲುಪಿರಬೇಕು.

ತೈಲದ ಜಾತಿಯೂ ಮುಖ್ಯ. ಪೆಟ್ರೋಲ್ ಬಹುಪಾಲು ಒಂದು ದಿನದೊಳಗೆ ಆವಿಯಾಗುತ್ತದೆ, ಆದರೆ ಅಷ್ಟರವರೆಗೆ ಬೆಂಕಿಯ ಅಪಾಯ. ಅದರಲ್ಲಿನ ಬೆಂಜೀನ್ ನೀರಿನಲ್ಲಿ ಕರಗುವುದರಿಂದ ಮೇಲ್ಮೈ ಶುಭ್ರವಾಗಿ ಕಂಡರೂ ನೀರು ಕುಡಿಯಲು ಯೋಗ್ಯವಲ್ಲ. ಡೀಸೆಲ್ ಹೆಚ್ಚು ಕಾಲ ಉಳಿಯುತ್ತದೆ. ಫರ್ನೇಸ್ ಆಯಿಲ್‌ನಂತಹ ಭಾರದ ತೈಲ ದಂಡೆಯ ಹುಲ್ಲಿಗೆ ಮೆತ್ತಿಕೊಳ್ಳುತ್ತದೆ, ಕೆಸರಿನೊಡನೆ ಬೆರೆತು ತಳ ಸೇರುತ್ತದೆ. ಅಮೆರಿಕದ ಕಲಾಮಜೂ ನದಿಗೆ 2010ರ ಜುಲೈನಲ್ಲಿ ಕೊಳವೆಮಾರ್ಗ ಒಡೆದು ಸೇರಿದ ದಪ್ಪ ಕಚ್ಚಾ ತೈಲದ ಒಂದು ಭಾಗ ತಳಕ್ಕಿಳಿಯಿತು. ಹೂಳೆತ್ತುವ ಕೆಲಸ ವರ್ಷಗಟ್ಟಲೆ ನಡೆಯಿತು. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಕೆಸರು ಹೊತ್ತು ಬರುವ ಮಾಂಜ್ರಾಕ್ಕೆ ಈ ನಿದರ್ಶನ ದೂರದ್ದಲ್ಲ.

ಬ್ಯಾರೇಜಿನ ಎರಡು ಮುಖ

ತೈಲ ತಡೆಯಲು ನೀರ ಮೇಲೆ ತೇಲುವ ಬೇಲಿ, ಅಂದರೆ ಬೂಮ್, ಬಳಸುತ್ತಾರೆ. ಹರಿವಿಗೆ ಅಡ್ಡಲಾಗಿ ನೇರ ಕಟ್ಟಿದರೆ ವೇಗ ಸೆಕೆಂಡಿಗೆ ಸುಮಾರು 0.35 ಮೀಟರ್ ದಾಟುತ್ತಿದ್ದಂತೆ ತೈಲ ಅದರಡಿ ನುಸುಳುತ್ತದೆ. ಒಂದು ಮೀಟರ್ ವೇಗವಿದ್ದಲ್ಲಿ ಬೂಮನ್ನು ಹರಿವಿಗೆ ಸುಮಾರು 20 ಡಿಗ್ರಿ ಓರೆಯಾಗಿ ಕಟ್ಟಿ, ತೈಲವನ್ನು ದಂಡೆಯ ನಿಶ್ಚಲ ನೀರಿಗೆ ತಿರುಗಿಸಿ ಅಲ್ಲಿ ಬಾಚಬೇಕು.

ಮಾಂಜ್ರಾದ ಬ್ಯಾರೇಜುಗಳು ಇಲ್ಲಿ ನೆರವಿಗೆ ಬರಬಲ್ಲವು. ಗೇಟು ಹಾಕಿ ನಿಲ್ಲಿಸಿದ ನೀರಿನಲ್ಲಿ ತೈಲ ನಿಧಾನಿಸುತ್ತದೆ; ತಳದಿಂದಷ್ಟೇ ನೀರು ಬಿಟ್ಟರೆ ಬಹುಪಾಲು ಮೇಲೆಯೇ ಉಳಿಯುತ್ತದೆ. ಆದರೆ ಗೇಟಿನ ಮೇಲಿಂದ ನೀರು ಧುಮುಕಿದರೆ ತೈಲವು ಸಣ್ಣ ಹನಿಗಳಾಗಿ ನೀರಿನ ಆಳಕ್ಕೆ ಬೆರೆಯುತ್ತದೆ, ಆಗ ಬೂಮ್ ನಿರುಪಯೋಗಿ. 1988ರ ಜನವರಿ 2ರಂದು ಅಮೆರಿಕದ ಮೊನೊಂಗಹೀಲಾ ನದಿಗೆ ಡೀಸೆಲ್ ಸೋರಿದಾಗ ಅಣೆಕಟ್ಟುಗಳ ಮೇಲಿಂದ ಧುಮುಕಿ ಹೀಗೆಯೇ ಆಯಿತು. ಕೆಳಭಾಗದ ಪಟ್ಟಣಗಳು ನದಿಯಿಂದ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು. ಮಳೆಗಾಲದಲ್ಲಿ ಗೇಟು ತೆರೆದಿರುವುದರಿಂದ ತೈಲ ತಡೆಯಿಲ್ಲದೆ ಸಾಗುತ್ತದೆ. ಆಗ ಮೊದಲು ಮಾಡಬೇಕಾದುದು ಜಾಕ್‌ವೆಲ್ ಪಂಪುಗಳನ್ನು ನಿಲ್ಲಿಸುವುದು.

ಬಾಚಿದ ನಂತರ ಉಳಿದದ್ದನ್ನು ಹೀರಲು ದುಬಾರಿ ಸಾಮಗ್ರಿಯೇ ಬೇಕೆಂದಿಲ್ಲ. ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಸಿಗುವ ಒಣಗಿದ ಕಬ್ಬಿನ ಸಿಪ್ಪೆಯನ್ನು ಬಲೆಚೀಲಗಳಲ್ಲಿ ತುಂಬಿ ಬಳಸಬಹುದು. ಸಡಿಲವಾಗಿ ಎಸೆದರೆ ಅದು ನೀರು ಹೀರಿ ಮುಳುಗಿ ಇನ್ನೊಂದು ತಲೆನೋವಾಗುತ್ತದೆ. ತೈಲವನ್ನು ಹನಿಯಾಗಿ ಒಡೆಯುವ ರಾಸಾಯನಿಕಗಳನ್ನು ಕುಡಿಯುವ ನೀರಿನ ನದಿಗೆ ಸುರಿಯಬಾರದು. 2014ರ ಡಿಸೆಂಬರ್ 9ರಂದು ಬಾಂಗ್ಲಾದೇಶದ ಸುಂದರಬನದ ಶೇಲಾ ನದಿಯಲ್ಲಿ ಹಡಗು ಮುಳುಗಿ ಸುಮಾರು 3.5 ಲಕ್ಷ ಲೀಟರ್ ಫರ್ನೇಸ್ ಆಯಿಲ್ ಹರಡಿದಾಗ ಹಳ್ಳಿಗರು ಬರಿಗೈಯಲ್ಲಿ, ಪಾತ್ರೆ-ಸ್ಪಂಜುಗಳಿಂದ ತೈಲ ತುಂಬಿದರು. ಯೋಜನೆಯಿಲ್ಲದೆಡೆ ಕೊನೆಗೆ ನದಿಗಿಳಿಯುವವರು ದಂಡೆಯ ಜನರೇ.

ಹೊಣೆ ಯಾರದು?

2006ರಲ್ಲಿ ಕಾರವಾರದ ಬಳಿ 'ಓಷನ್ ಸೆರಾಯಾ' ಹಡಗು ಬಂಡೆಗೆ ಬಡಿದು ತೈಲ ಸೋರಿತ್ತು. ಅಂಥ ಸಮುದ್ರದ ಸೋರಿಕೆಗೆ ಕರಾವಳಿ ಕಾವಲು ಪಡೆ ನಿಭಾಯಿಸುವ, 1996ರ ರಾಷ್ಟ್ರೀಯ ಯೋಜನೆಯಿದೆ. ಒಳನಾಡಿನಲ್ಲಿ ಆ ಪಡೆಯಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೇ ಮುಂದಾಗಬೇಕು. 1974ರ ಜಲಮಾಲಿನ್ಯ ಕಾಯ್ದೆಯ 31ನೇ ಕಲಮು ಕೈಗಾರಿಕೆಗಳು ಇಂಥ ಅವಘಡವನ್ನು ಕೂಡಲೇ ಮಂಡಳಿಗೆ ತಿಳಿಸಬೇಕೆನ್ನುತ್ತದೆ. 32ನೇ ಕಲಮು ಮಂಡಳಿಗೆ ತುರ್ತುಕ್ರಮದ ಅಧಿಕಾರ ನೀಡುತ್ತದೆ.

ಕಾಗದದ ಮೇಲೆ ಅಧಿಕಾರ ಸಾಕಷ್ಟಿದೆ. ಬೇಕಿರುವುದು ಮುಂಚಿತ ಸಿದ್ಧತೆ: ಪ್ರತಿ ಸೇತುವೆಯಿಂದ ಪ್ರತಿ ಜಾಕ್‌ವೆಲ್‌ಗೆ ಮಳೆಗಾಲ ಮತ್ತು ಬೇಸಿಗೆಯಲ್ಲಿ ನೀರು ತಲುಪುವ ಗಂಟೆಗಳ ಪಟ್ಟಿ, ವಾಹನ ಇಳಿಯಬಲ್ಲ ದಂಡೆಯ ಗುರುತು, ಗೇಟು ನಿರ್ವಾಹಕರ ದೂರವಾಣಿ ಸಂಖ್ಯೆ. ಸೋರಿಕೆ ಲಾತೂರ್ ಕಡೆಯಾದರೆ ಮೊದಲ ಪೆಟ್ಟು ಮೆಹಕರ ಭಾಗಕ್ಕೆ. ಕೌಠಾದಲ್ಲಾದರೆ ಸಿಂಗೂರು ಇರುವ ಸಂಗಾರೆಡ್ಡಿ ಜಿಲ್ಲೆಗೆ. ಮೂರು ರಾಜ್ಯಗಳ ಈ ಮೂರು ಜಿಲ್ಲಾಡಳಿತಗಳು ನೇರವಾಗಿ ಪರಸ್ಪರ ಕರೆ ಮಾಡುವ ವ್ಯವಸ್ಥೆ ಇರಬೇಕು, ರಾಜಧಾನಿಗಳ ಮೂಲಕ ಪತ್ರ ಸುತ್ತುವಷ್ಟರಲ್ಲಿ ತೈಲ ಗಡಿ ದಾಟಿರುತ್ತದೆ.

ದಾರಿಹೋಕರು ಉರುಳಿದ ಟ್ಯಾಂಕರ್ ಕಂಡರೆ ಬೀಡಿ-ಬೆಂಕಿ ದೂರವಿಟ್ಟು, ಗಾಳಿ ಬೀಸಿ ಬರುವ ಕಡೆ ನಿಂತು, 112ಕ್ಕೆ ಕರೆ ಮಾಡಬೇಕು. ಟ್ಯಾಂಕರಿನ ಫಲಕದ ಮೇಲಿನ ನಾಲ್ಕಂಕಿಯ ಸಂಖ್ಯೆಯನ್ನೂ ಹೇಳಬೇಕು: 1203 ಎಂದರೆ ಪೆಟ್ರೋಲ್, 1202 ಎಂದರೆ ಡೀಸೆಲ್.