ವಿಗ್ರಹಕ್ಕೆ ಅರ್ಪಿಸಿದ ಆಹಾರ: ಆದಿ ಕ್ರೈಸ್ತರು ಎದುರಿಸಿದ ಪ್ರಶ್ನೆ ಮತ್ತು ನಮ್ಮ ಪಾಠ

ಆಯುಧಪೂಜೆಯ ನಂತರದ ಶುಕ್ರವಾರ, ಜುಮಾ ನಮಾಝ್ ಮುಗಿದ ಮೇಲೆ ಯುವಕನೊಬ್ಬ ನನ್ನ ಪಕ್ಕ ಬಂದು ಕುಳಿತ. ಅವನು ಕೆಲಸ ಮಾಡುವಲ್ಲಿ ಪೂಜೆಯ ಪ್ರಸಾದ ಹಂಚಿದ್ದರು. ಅವನು ಬೇಡವೆಂದ. ಅಲ್ಲಿದ್ದ ಇಬ್ಬರು ಕ್ರೈಸ್ತ ಸಹೋದ್ಯೋಗಿಗಳಲ್ಲಿ ಒಬ್ಬ ತೆಗೆದುಕೊಂಡು ತಿಂದ, ಇನ್ನೊಬ್ಬ ತಿನ್ನಲಿಲ್ಲ. "ಉಸ್ತಾದರೇ, ಒಂದೇ ಬೈಬಲ್ ಓದುವ ಇಬ್ಬರು ಎರಡು ರೀತಿ ನಡೆದುಕೊಂಡರಲ್ಲ, ಅವರ ಧರ್ಮ ಏನು ಹೇಳುತ್ತದೆ?" ಎಂದು ಕೇಳಿದ.

ಈ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಅದನ್ನು ತಿಳಿಯುವುದು ನಮಗೂ ಒಳ್ಳೆಯದು. ಯಾಕೆಂದರೆ ನಾವೂ ಬೇರೆ ಬೇರೆ ನಂಬಿಕೆಯವರ ನಡುವೆ ಬದುಕುವವರು.

ಈಸಾ(ಅ)ರ ಶಿಷ್ಯರು ಯಹೂದಿ ಸಮಾಜದಲ್ಲಿ ಬೆಳೆದವರು. ವಿಗ್ರಹಕ್ಕೆ ಬಲಿ ಕೊಟ್ಟದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಆದರೆ ಅವರ ಸಂದೇಶ ಗ್ರೀಕ್ ಮತ್ತು ರೋಮನ್ ಪಟ್ಟಣಗಳಿಗೆ ಹರಡಿದಾಗ ಸಮಸ್ಯೆ ಎದ್ದಿತು. ಅಲ್ಲಿ ದೇವಾಲಯದ ಬಲಿಗೂ ಊರಿನ ಮಾಂಸಕ್ಕೂ ನೇರ ಸಂಬಂಧವಿತ್ತು. ಬಲಿಯಾದ ಪ್ರಾಣಿಯ ಒಂದು ಭಾಗವನ್ನು ವೇದಿಕೆಯಲ್ಲಿ ಸುಡುತ್ತಿದ್ದರು, ಒಂದು ಭಾಗ ಪೂಜಾರಿಗಳಿಗೆ, ಒಂದು ಭಾಗ ಬಲಿ ಕೊಟ್ಟವರ ಔತಣಕ್ಕೆ. ಉಳಿದದ್ದು ಸಂತೆಯ ಮಾಂಸದಂಗಡಿಗೆ ಬರುವುದೂ ಇತ್ತು. ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಅಸ್ಕ್ಲೇಪಿಯಸ್ ಎಂಬ ದೇವತೆಯ ದೇವಾಲಯದ ಬಳಿ ಊಟದ ಕೋಣೆಗಳ ಅವಶೇಷಗಳೇ ಉತ್ಖನನದಲ್ಲಿ ಸಿಕ್ಕಿವೆ.

ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಆ ಸಮುದಾಯದ ಹಿರಿಯರು ಸಭೆ ಸೇರಿದರು. ಯಹೂದಿಗಳಲ್ಲದವರು ಹೊಸದಾಗಿ ಬಂದರೆ ಅವರು ಯಾವ ನಿಯಮ ಪಾಲಿಸಬೇಕು ಎಂಬುದು ಚರ್ಚೆಯ ವಿಷಯ. ಯಾಕೋಬ ಎಂಬ ಹಿರಿಯರ ಸಲಹೆಯಂತೆ ಪತ್ರವೊಂದನ್ನು ಕಳುಹಿಸಲಾಯಿತು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕತ್ತು ಹಿಸುಕಿ ಕೊಂದದ್ದು ಮತ್ತು ವ್ಯಭಿಚಾರ, ಈ ನಾಲ್ಕರಿಂದ ದೂರವಿರಬೇಕು ಎಂಬುದು ಅದರ ಸಾರ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಭಾಗದ 15ನೇ ಅಧ್ಯಾಯದಲ್ಲಿ ಇದು ಇದೆ. ಇದನ್ನು ಓದುವ ಮುಸ್ಲಿಮನಿಗೆ ಸೂರಃ ಅಲ್ ಮಾಇದಃದ 3ನೇ ಆಯತ್ ನೆನಪಾಗದೆ ಇರದು. ಹರಿದ ರಕ್ತ, ಉಸಿರುಗಟ್ಟಿ ಸತ್ತದ್ದು, ಅಲ್ಲಾಹನಲ್ಲದವರ ಹೆಸರಿನಲ್ಲಿ ಕೊಯ್ದದ್ದು, ಬಲಿಕಟ್ಟೆಯಲ್ಲಿ ಕೊಯ್ದದ್ದು, ಇವೆಲ್ಲ ಅಲ್ಲಿಯೂ ನಿಷಿದ್ಧ.

ಕೆಲವೇ ವರ್ಷಗಳ ನಂತರ ಕೊರಿಂಥದ ಕ್ರೈಸ್ತರಲ್ಲಿ ಭಿನ್ನಾಭಿಪ್ರಾಯ ಎದ್ದಿತು. ವಿಗ್ರಹಕ್ಕೆ ಯಾವ ಶಕ್ತಿಯೂ ಇಲ್ಲ, ದೇವರು ಒಬ್ಬನೇ, ಹಾಗಾದರೆ ತಿಂದರೇನು ತಪ್ಪು ಎಂದು ಕೆಲವರು ವಾದಿಸಿದರು. ಹಿಂದೆ ವಿಗ್ರಹಾರಾಧನೆ ಮಾಡುತ್ತಿದ್ದ ಕೆಲವರಿಗಾದರೋ ಅದನ್ನು ತಿಂದರೆ ಹಳೆಯ ದೇವತೆಗೆ ಮತ್ತೆ ತಲೆಬಾಗಿದಂತೆ ಆಗುತ್ತಿತ್ತು. ಕ್ರಿ.ಶ. 50ರ ದಶಕದಲ್ಲಿ ಪೌಲ ಅವರಿಗೆ ಬರೆದ ಪತ್ರದ 8ರಿಂದ 10ನೇ ಅಧ್ಯಾಯಗಳು ಈ ಜಗಳದ ಬಗ್ಗೆಯೇ ಇವೆ. ಪೌಲನ ಬೋಧನೆಗಳ ಬಗ್ಗೆ, ವಿಶೇಷವಾಗಿ ಈಸಾ(ಅ)ರ ಸ್ಥಾನದ ಬಗ್ಗೆ, ನಮ್ಮ ನಿಲುವು ಬೇರೆ ಎಂಬುದು ಎಲ್ಲರಿಗೂ ತಿಳಿದದ್ದೇ. ಇಲ್ಲಿ ನಾವು ಇತಿಹಾಸವಾಗಿ ಅದನ್ನು ನೋಡೋಣ.

ಪೌಲನ ಉತ್ತರದಲ್ಲಿ ಮೂರು ಭಾಗಗಳಿವೆ. ಒಂದು, ದೇವಾಲಯದ ಔತಣದಲ್ಲಿ ಕುಳಿತು ತಿನ್ನುವುದು ಆರಾಧನೆಯಲ್ಲಿ ಪಾಲುಗೊಂಡಂತೆ, ಅದು ಕೂಡದು. ಎರಡು, ಸಂತೆಯಲ್ಲಿ ಮಾರುವ ಮಾಂಸವನ್ನೂ ನೆರೆಯವನ ಮನೆಯಲ್ಲಿ ಬಡಿಸಿದ್ದನ್ನೂ ಕೆದಕಿ ಕೇಳದೆ ತಿನ್ನಬಹುದು, ಆದರೆ ಇದು ಬಲಿಯದ್ದು ಎಂದು ಯಾರಾದರೂ ತಿಳಿಸಿದರೆ ತಿನ್ನಬಾರದು. ಮೂರು, ನನ್ನ ಊಟದಿಂದ ನಂಬಿಕೆಯಲ್ಲಿ ಎಳೆಯನಾದ ಸಹೋದರನೊಬ್ಬ ದಾರಿ ತಪ್ಪುವುದಾದರೆ, ನನಗೆ ಅವಕಾಶವಿದ್ದರೂ ಅದನ್ನು ಬಿಡಬೇಕು.

ಮುಂದಿನ ತಲೆಮಾರುಗಳು ಹೆಚ್ಚು ಕಟ್ಟುನಿಟ್ಟಾದವು. ದಿದಾಖೆ ಎಂಬ ಹಳೆಯ ಕ್ರೈಸ್ತ ಕೈಪಿಡಿ ವಿಗ್ರಹದ ಆಹಾರದಿಂದ ಪೂರ್ತಿ ದೂರವಿರಲು ಹೇಳುತ್ತದೆ. ಇದರ ಪರಿಣಾಮ ಮಾರುಕಟ್ಟೆಯಲ್ಲಿ ಕಾಣಿಸಿತು. ಸುಮಾರು ಕ್ರಿ.ಶ. 112ರಲ್ಲಿ, ಇಂದಿನ ತುರ್ಕಿಯ ಉತ್ತರ ಭಾಗವನ್ನು ಆಳುತ್ತಿದ್ದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ತ್ರಾಜನನಿಗೆ ಪತ್ರ ಬರೆದ. ಕ್ರೈಸ್ತರ ಮೇಲೆ ಕ್ರಮ ಕೈಗೊಂಡ ಮೇಲೆ, ಅಷ್ಟರವರೆಗೆ ಕೊಳ್ಳುವವರೇ ವಿರಳವಾಗಿದ್ದ ಬಲಿಯ ಮಾಂಸ ಮತ್ತೆ ಮಾರಾಟವಾಗುತ್ತಿದೆ ಎಂದು ಅದರಲ್ಲಿ ತಿಳಿಸಿದ. ಸಾಮಾನ್ಯ ಜನರು ಒಂದು ತುತ್ತನ್ನು ಬಿಟ್ಟದ್ದು ಸಾಮ್ರಾಜ್ಯದ ಕಡತದಲ್ಲಿ ದಾಖಲಾಯಿತು.

ಕ್ರಿ.ಶ. 250ರ ಸುಮಾರಿಗೆ ಚಕ್ರವರ್ತಿ ಡೇಸಿಯಸ್ ಎಲ್ಲ ಪ್ರಜೆಗಳೂ ದೇವತೆಗಳಿಗೆ ಬಲಿ ಕೊಡಬೇಕೆಂದು ಆಜ್ಞೆ ಮಾಡಿದ. ಬಲಿ ಕೊಟ್ಟು ಅದರ ಆಹಾರವನ್ನು ರುಚಿ ನೋಡಿದ್ದಕ್ಕೆ ಅಧಿಕಾರಿಗಳು ಪ್ರಮಾಣಪತ್ರ ನೀಡುತ್ತಿದ್ದರು. ಅಂತಹ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಕೆಲವರು ನಿರಾಕರಿಸಿ ಜೈಲು ಸೇರಿದರು, ಪ್ರಾಣ ಕೊಟ್ಟರು. ಕೆಲವರು ಹೆದರಿ ತಿಂದರು. ಕೆಲವರು ತಿನ್ನದೆ ದುಡ್ಡು ಕೊಟ್ಟು ಪತ್ರ ಮಾಡಿಸಿಕೊಂಡರು. ಹಿಂಸೆ ನಿಂತ ಮೇಲೆ ಇವರನ್ನು ಮರಳಿ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನರ ಕಾಲದಲ್ಲಿ ದೊಡ್ಡ ವಿವಾದವಾಯಿತು. ಪ್ರಾಣಭಯದಿಂದ ಒತ್ತಾಯಕ್ಕೊಳಗಾದರೂ ಹೃದಯದಲ್ಲಿ ಈಮಾನ್ ಗಟ್ಟಿಯಾಗಿರುವವನಿಗೆ ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ನೀಡಿದ ವಿನಾಯಿತಿ ಎಷ್ಟು ದೊಡ್ಡ ಕರುಣೆ ಎಂಬುದು ಇಂತಹ ಇತಿಹಾಸ ಓದಿದಾಗ ಅರ್ಥವಾಗುತ್ತದೆ.

ನಂತರ ಸಾಮ್ರಾಜ್ಯವೇ ಕ್ರೈಸ್ತವಾಗಿ, ಬಲಿಗಳು ನಿಂತು, ಯೂರೋಪಿನಲ್ಲಿ ಈ ಪ್ರಶ್ನೆ ಮಂಕಾಯಿತು. ಜೆರುಸಲೇಮಿನ ಆ ಆಹಾರ ನಿಯಮಗಳು ಅಂದಿನ ಕಾಲಕ್ಕೆ ಮಾತ್ರ ಎಂದು 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಕಾಲದಲ್ಲಿ ರೋಮಿನ ಚರ್ಚ್ ಘೋಷಿಸಿತು. ಆದರೆ ಏಷ್ಯಾದಲ್ಲಿ ಪ್ರಶ್ನೆ ಸಾಯಲಿಲ್ಲ. ಕೊರಿಯಾದಲ್ಲಿ ಪೂರ್ವಜರಿಗೆ ಎಡೆಯಿಟ್ಟ ಊಟ, ನಮ್ಮ ದೇಶದಲ್ಲಿ ಪ್ರಸಾದ, ಇವು ಇಂದೂ ಕ್ರೈಸ್ತ ಮನೆಗಳಲ್ಲಿ ಚರ್ಚೆಯ ವಿಷಯ. ಒಬ್ಬ ವಿಗ್ರಹಕ್ಕೆ ಶಕ್ತಿಯಿಲ್ಲ ಎಂಬ ಮಾತನ್ನು ಹಿಡಿಯುತ್ತಾನೆ, ಇನ್ನೊಬ್ಬ ಅರ್ಪಿಸಿದ್ದೆಂದು ತಿಳಿದ ಮೇಲೆ ಬೇಡ ಎಂಬ ಮಾತನ್ನು ಹಿಡಿಯುತ್ತಾನೆ. ಆ ಯುವಕನ ಇಬ್ಬರು ಸಹೋದ್ಯೋಗಿಗಳ ನಡೆಗೆ ಕಾರಣ ಇದೇ ಇರಬಹುದು.

ನಮಗೆ ಈ ವಿಷಯದಲ್ಲಿ ಗೊಂದಲವಿಲ್ಲ. ಮಕ್ಕಾದಲ್ಲಿ ಪ್ರವಾದಿತ್ವಕ್ಕೆ ಮುಂಚೆಯೇ ಝೈದ್ ಬಿನ್ ಅಮ್ರ್ ಎಂಬ ಏಕದೇವ ವಿಶ್ವಾಸಿ ಬಲಿಕಟ್ಟೆಯ ಮಾಂಸವನ್ನು ತಿನ್ನುತ್ತಿರಲಿಲ್ಲ. ಕುರಿಯನ್ನು ಸೃಷ್ಟಿಸಿದವನು ಅಲ್ಲಾಹ್, ಅದಕ್ಕೆ ಮಳೆ ಸುರಿಸಿ ಹುಲ್ಲು ಬೆಳೆಸಿದವನೂ ಅವನೇ, ನೀವು ಕೊಯ್ಯುವುದು ಮಾತ್ರ ಬೇರೆಯವರ ಹೆಸರಿನಲ್ಲೇ ಎಂದು ಅವರು ಖುರೈಷರನ್ನು ಕೇಳುತ್ತಿದ್ದರೆಂದು ಬುಖಾರಿಯಲ್ಲಿದೆ. ಅಂತಹ ಮಾಂಸ ಹರಾಮ್. ಸಿಹಿ, ಹಣ್ಣುಗಳೂ ಅರ್ಪಿಸಿದವು ಎಂದು ತಿಳಿದ ಮೇಲೆ ದೂರವಿರಬೇಕೆಂದು ಉಲಮಾಗಳು ತಿಳಿಸುತ್ತಾ ಬಂದಿದ್ದಾರೆ.

ಆದರೆ ಅನುಮಾನದ ರೋಗವೂ ನಮಗೆ ಬೇಡ. ಹೊಸದಾಗಿ ಇಸ್ಲಾಮಿಗೆ ಬಂದ ಜನರು ಮಾಂಸ ತರುತ್ತಾರೆ, ಅಲ್ಲಾಹನ ಹೆಸರು ಹೇಳಿದ್ದಾರೋ ಇಲ್ಲವೋ ತಿಳಿಯದು ಎಂದು ಕೆಲವರು ಕೇಳಿದಾಗ, ನೀವೇ ಬಿಸ್ಮಿಲ್ಲಾಹ್ ಹೇಳಿ ತಿನ್ನಿರಿ ಎಂದು ಪ್ರವಾದಿ(ಸ) ಉತ್ತರಿಸಿದ್ದನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ಗ್ರಂಥದವರ ಆಹಾರವನ್ನು ಅಲ್ಲಾಹನು ನಮಗೆ ಅನುಮತಿಸಿದ್ದಾನೆ. ನೆರೆಮನೆಯ ಹಿಂದೂ ತಾಯಿ ಹಬ್ಬದ ದಿನ ತನ್ನ ಅಡುಗೆ ಮನೆಯಿಂದ ನೇರ ತಂದ ಹೋಳಿಗೆಯನ್ನು, ಅದು ಅರ್ಪಿಸಿದ್ದಲ್ಲವಾದರೆ, ಪ್ರೀತಿಯಿಂದ ಸ್ವೀಕರಿಸಲು ಏನು ಅಡ್ಡಿ?

ಇದೇ ಪ್ರಶ್ನೆ ತಿರುಗಿ ನಮ್ಮ ಬಾಗಿಲಿಗೂ ಬಂದಿದೆ. 2022ರ ಯುಗಾದಿಯ ಹೊಸತೊಡಕಿನ ಸಮಯದಲ್ಲಿ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ವಿರುದ್ಧ ಅಭಿಯಾನ ನಡೆಯಿತು. ಅಲ್ಲಾಹನ ಹೆಸರಿನಲ್ಲಿ ಕೊಯ್ದ ಮಾಂಸವನ್ನು ತಮ್ಮ ದೇವರಿಗೆ ಎಡೆಯಿಡಲಾಗದು ಎಂಬುದು ಅದರ ಒಂದು ವಾದ. ದಿನದ ದುಡಿಮೆಯಲ್ಲಿ ಬದುಕುವ ವ್ಯಾಪಾರಿಗಳನ್ನು ಬಹಿಷ್ಕರಿಸಲು ಕರೆಕೊಡುವುದು ಅನ್ಯಾಯ, ಅದನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ನೆರೆಯವನೊಬ್ಬ ಯಾರ ಮೇಲೂ ದ್ವೇಷವಿಲ್ಲದೆ, ತನ್ನ ನಂಬಿಕೆಯ ಕಾರಣಕ್ಕಾಗಿ ನನ್ನ ಮನೆಯ ಮಾಂಸ ಬೇಡವೆಂದರೆ ನಾನು ನೊಂದುಕೊಳ್ಳಬಾರದು. ಅವನ ಪ್ರಸಾದವನ್ನು ಬೇಡವೆನ್ನುವಾಗ ನಾನು ಕೇಳಿಕೊಳ್ಳುವ ಹಕ್ಕು ಇದೇ ಅಲ್ಲವೇ?

ಆ ಯುವಕನಿಗೆ ನಾನು ಹೇಳಿದ್ದು ಇಷ್ಟು: ನೀನು ಬೇಡವೆಂದದ್ದು ಸರಿ. ಮುಂದಿನ ಬಾರಿಯೂ ಬೇಡವೆನ್ನು. ಆದರೆ ಮುಖ ಸಿಂಡರಿಸಬೇಡ, ಅವರ ದೇವರ ಬಗ್ಗೆ ಒಂದು ಮಾತನ್ನೂ ಆಡಬೇಡ. ಸೂರಃ ಅಲ್ ಅನ್‌ಆಮ್‌ನಲ್ಲಿ ಅಲ್ಲಾಹನು ಅದನ್ನು ತಡೆದಿದ್ದಾನೆ. ಕೈಮುಗಿದು ಕೊಟ್ಟವನಿಗೆ ನಗುಮುಖದಿಂದ ನಿನ್ನ ಕಾರಣ ತಿಳಿಸು, ನಿಮ್ಮ ಹಬ್ಬದ ದಿನ ಅವನನ್ನು ಮನೆಗೆ ಕರೆ, ಅವನು ತಿನ್ನುವುದನ್ನು ಕೇಳಿ ಬಡಿಸು. ತಿಂದ ಕ್ರೈಸ್ತ ಗೆಳೆಯನನ್ನು ಹೀಯಾಳಿಸಬೇಡ, ಅವನ ಲೆಕ್ಕ ಅಲ್ಲಾಹನ ಬಳಿ ಇದೆ.

ನಮ್ಮ ಮನೆಗಳಲ್ಲಿ ಹಲಾಲಾದ ಅನ್ನವೂ ನೆರೆಯವರೊಂದಿಗೆ ಉತ್ತಮ ನಡತೆಯೂ ಸದಾ ಇರುವಂತೆ ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.