ಗಾಜಿನ ಮನೆ ಮತ್ತು ನಾಲೆಯ ನೀರು

ಫಾಲ್ಗುಣದ ಮೊದಲ ವಾರ, ಬಿಸಿಲೇರುವ ಮುನ್ನ, ದಾವಣಗೆರೆಯ ಕುಂದವಾಡ ಕೆರೆಯ ಸಮೀಪದ ಗಾಜಿನ ಮನೆಯ ಉದ್ಯಾನಕ್ಕೆ ಹೋಗಿದ್ದೆ. ಪಂಚಾಂಗದ ಲೆಕ್ಕದಲ್ಲಿ ಅದಿನ್ನೂ ಶಿಶಿರ ಋತುವೇ. ಆದರೆ ಮರಗಳು ಪಂಚಾಂಗ ನೋಡಿ ಚಿಗುರುವುದಿಲ್ಲವಷ್ಟೆ. ದಾರಿಯ ಹೊಂಗೆಗಳು ಆಗಲೇ ಎಳೆಯ ಹಸಿರನ್ನು ತಳೆದಿದ್ದವು.

ಗಾಜಿನ ಮನೆಯ ಕಥೆ ದೊಡ್ಡದು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ಪ್ರದರ್ಶನಕ್ಕಾಗಿ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಅದರ ಸ್ಫೂರ್ತಿಯಿಂದ, ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಲಾಲ್‌ಬಾಗನ್ನು ನೋಡಿ 2010ರ ದಶಕದಲ್ಲಿ ನಮ್ಮೂರೂ ಒಂದನ್ನು ಕಟ್ಟಿಕೊಂಡಿತು. ಚಳಿಯ ನಾಡಿನವರು ಗಿಡಗಳಿಗೆ ಬೆಚ್ಚಗಿರಲೆಂದು ಗಾಜನ್ನು ಹೊದಿಸಿದರು. ನಮ್ಮಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ, ಬರವಿರುವುದು ನೀರಿಗೆ.

ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಹೊಯ್ಸಳ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇಗುಲವಿದೆ. ಅರ್ಧ ಹರ, ಅರ್ಧ ಹರಿಯಾದ ಈ ದೇವರಿಗೆ ಬಿಲ್ವವೂ ಬೇಕು, ತುಳಸಿಯೂ ಬೇಕು. ದೇವರ ಹೂದೋಟಕ್ಕೆಂದು ಭೂಮಿ ಬಿಟ್ಟ ದಾನಗಳನ್ನು ಕನ್ನಡ ನಾಡಿನ ಅನೇಕ ಶಾಸನಗಳಲ್ಲಿ ಓದುತ್ತೇವೆ. ಹೂವು ತಾನಾಗಿ ಅರಳದು, ಅದರ ಹಿಂದೆ ನೀರೆರೆಯುವವನ ಹೊಟ್ಟೆಪಾಡೂ ಇದೆ ಎಂಬುದನ್ನು ದಾನ ಬಿಟ್ಟವರು ಅರಿತಿದ್ದರು. ಆದ್ದರಿಂದಲೇ ಹೂವಿನೊಡನೆ ಹೊಲವನ್ನೂ ಕೊಟ್ಟರು.

ಕುಂದವಾಡ ಕೆರೆಗೆ ನೀರು ಬರುವುದು ಭದ್ರಾ ನಾಲೆಯಿಂದ. ಲಕ್ಕವಳ್ಳಿಯಲ್ಲಿ ತಡೆದು ನಿಲ್ಲಿಸಿದ ಆ ನೀರೇ ನಮ್ಮ ಸೀಮೆಯ ಭತ್ತದ ಗದ್ದೆಗಳಿಗೂ ಊರಿನ ನಲ್ಲಿಗಳಿಗೂ ಆಧಾರ. 2023ರ ಬರಗಾಲದಲ್ಲಿ ಅದೇ ನೀರಿಗಾಗಿ ರೈತರು ಬೀದಿಗಿಳಿದದ್ದನ್ನು ನಾವು ಮರೆತಿಲ್ಲ. ಗದ್ದೆ ಒಣಗುವಾಗ ಹೂವಿನ ಪಾತಿಗೆ ನೀರು ಹಾಯಿಸುವುದು ನ್ಯಾಯವೇ? ಹೂದೋಟವೇ ಇಲ್ಲದ ಊರು ಮಕ್ಕಳಿಗೆ ಏನನ್ನು ತೋರಿಸೀತು? ಎರಡೂ ಪ್ರಶ್ನೆಗಳು ಒಟ್ಟಿಗೇ ನನ್ನ ಮನಸ್ಸಿಗೆ ಬಂದವು.

ಚೆಂಡುಹೂವಿನ ಪಾತಿಯ ಬಳಿ ಕೊಳವೆ ಹಿಡಿದು ನಿಂತಿದ್ದ ಮಾಲಿಯನ್ನು ಮಾತಿಗೆಳೆದೆ. "ಎಂಟು ದಿನ ನೀರು ಬಿಡದಿದ್ರೆ ಎಲ್ಲಾ ಒಣಗಿ ಹೋಕ್ಕಾವ್ರಿ ಸಾರ್" ಎಂದರು. ಪಾತಿಯ ಅಂಚಿನಲ್ಲಿದ್ದ ಹೊಂಗೆಯನ್ನು ತೋರಿಸಿ, "ಇದಕ್ಕೆ?" ಎಂದೆ. "ಇದಕ್ಕೇನೂ ಬೇಡ್ರಿ. ಬೇರು ಬಿಟ್ಟೈತಿ, ತನ್ನ ನೀರು ತಾನೇ ಹುಡುಕ್ಕೊಂತೈತಿ" ಎಂದು ನಕ್ಕರು.

ನನ್ನ ಎರಡು ಪ್ರಶ್ನೆಗಳಿಗೂ ಅವರ ಮಾತಿನಲ್ಲಿ ಅರ್ಧ ಉತ್ತರವಿತ್ತು. ಗಾಜಿನ ಮನೆ ಇರಲಿ, ಅದು ಊರಿಗೆ ಚೆಲುವು. ಅದರ ಸುತ್ತ ಹೊಂಗೆ, ಬೇವು, ಮುತ್ತುಗಗಳು ಇನ್ನಷ್ಟು ಬೆಳೆಯಲಿ. ನಾಲೆಗೆ ನೀರು ಬಾರದ ವರ್ಷವೂ ಅವು ನಮಗೊಂದು ವಸಂತವನ್ನು ತೋರಿಸಿಯಾವು. ಹಿಂದಿನವರು ಹೂದೋಟದ ಜೊತೆ ತೋಟಿಗನನ್ನೂ ನೆನೆದಂತೆ, ಆ ಮಾಲಿಯ ಸಂಬಳವನ್ನೂ ನಾವು ನೆನೆಯೋಣ.