ಗರ್ಭಕೋಶದ ಜೊತೆ ಹೋದದ್ದು

ಚಿಕ್ಕಮ್ಮನಿಗೆ ಆಪರೇಷನ್ ಆದಾಗ 39 ವರ್ಷ. "ಗರ್ಭಕೋಶ ತೆಗೆಸಿದ್ರೆ ತಿಂಗಳ ಗೋಳು ಮುಗೀತು ಅಂದಿದ್ರು ಕಣೇ. ಈಗ ನೋಡು, ರಾತ್ರಿಯೆಲ್ಲಾ ಮೈ ಬೆಂಕಿ, ಬೆವರಿಗೆ ಸೀರೆ ಒದ್ದೆ, ನಿದ್ದೇನೇ ಇಲ್ಲ" ಅಂತಿದ್ದರು. ಎಲ್ಲಾ ಮನಸ್ಸಿನ ಭ್ರಮೆ ಅಂತ ಮನೆಯವರು ತಳ್ಳಿಹಾಕಿದರು. ನಾನೂ ಅವರಲ್ಲೊಬ್ಬಳು. ಮೊನ್ನೆ ಹಳೇ ಡಿಸ್ಚಾರ್ಜ್ ಚೀಟಿ ಓದಿದಾಗ ಗೊತ್ತಾಯ್ತು, ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರು. ಚಿಕ್ಕಮ್ಮನಿಗೇ ಅದು ಗೊತ್ತಿರಲಿಲ್ಲ!

ಗರ್ಭಕೋಶವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ಈಸ್ಟ್ರೋಜನ್ ಕೊಡುತ್ತಲೇ ಇರುತ್ತವೆ. ಎರಡೂ ಅಂಡಾಶಯಗಳು ಹೋದರೆ, ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಋತುಬಂಧ ಏಕಾಏಕಿ ಬಂದು ಕೂರುತ್ತದೆ.

ಇದು ಶುರುವಾದದ್ದು ಹೇಗೆ ಅಂತ ಹುಡುಕುತ್ತಾ ಹೋದೆ. 1809ರಲ್ಲೇ ಅಮೆರಿಕದ ಕೆಂಟಕಿಯಲ್ಲಿ ಎಫ್ರೇಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯ ಅಂಡಾಶಯದ ದೊಡ್ಡ ಗಡ್ಡೆಯೊಂದನ್ನು ತೆಗೆದು ಹೆಂಗಸಿನ ಜೀವ ಉಳಿಸಿದ್ದ. ಆದರೆ 1872ರಲ್ಲಿ ಜಾರ್ಜಿಯಾ ರಾಜ್ಯದ ರೋಮ್ ಎಂಬ ಊರಿನ ರಾಬರ್ಟ್ ಬ್ಯಾಟಿಯ ಯೋಚನೆಯೇ ಬೇರೆ. ಮುಟ್ಟು ನಿಂತರೆ ಹೆಂಗಸರ ಎಷ್ಟೋ ನರಳಾಟವೂ ನಿಲ್ಲುತ್ತದೆ, ಹಾಗಾದರೆ ಅಂಡಾಶಯ ತೆಗೆದು ಬೇಗನೆ ನಿಲ್ಲಿಸಿಬಿಡೋಣ ಅಂತ! ಅವನ ಪಾಲಿಗೆ ಋತುಬಂಧ ಅಡ್ಡಪರಿಣಾಮ ಅಲ್ಲ, ಅದೇ ಔಷಧಿ. ಅದೇ ವರ್ಷ ಜರ್ಮನಿಯ ಹೇಗಾರ್, ಇಂಗ್ಲೆಂಡಿನ ಲಾಸನ್ ಟೇಟ್ ಕೂಡಾ ಇಂಥದೇ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಮೂರ್ಛೆ, ಹಿಸ್ಟೀರಿಯಾ, ಹುಚ್ಚು ಅಂತ ಹಣೆಪಟ್ಟಿ ಹಚ್ಚಿ ಎಷ್ಟೋ ಹೆಂಗಸರ ಆರೋಗ್ಯವಾಗಿದ್ದ ಅಂಡಾಶಯಗಳನ್ನೂ ತೆಗೆದರು.

ತಮಾಷೆ ಅಲ್ಲ, ಆಗ ಅಂಡಾಶಯದ ಪೂರ್ತಿ ಕೆಲಸ ಏನು ಅಂತ ಯಾರಿಗೂ ಗೊತ್ತಿರಲಿಲ್ಲ! 1896ರಲ್ಲಿ ವಿಯೆನ್ನಾದ ಎಮಿಲ್ ಕ್ನಾವರ್ ಮೊಲಗಳ ಅಂಡಾಶಯ ತೆಗೆದು, ಅದೇ ಮೊಲದ ಮೈಯಲ್ಲಿ ಬೇರೆ ಕಡೆ ಕಸಿ ಮಾಡಿ ನೋಡಿದ. ಗರ್ಭಕೋಶ ಸೊರಗಲಿಲ್ಲ. ಅಂದರೆ ಅಂಡಾಶಯ ರಕ್ತಕ್ಕೆ ಏನನ್ನೋ ಸೇರಿಸುತ್ತಿದೆ ಅಂತಾಯಿತು. ಆ 'ಏನೋ' ಈಸ್ಟ್ರೋಜನ್. ಅದರ ಒಂದು ರೂಪವನ್ನು ಅಮೆರಿಕದ ಡಾಯ್ಸಿ, ಜರ್ಮನಿಯ ಬುಟೆನಾಂಟ್ 1929ರಲ್ಲಿ ಬೇರೆಬೇರೆಯಾಗಿ ಶುದ್ಧರೂಪದಲ್ಲಿ ಪಡೆದರು. ಕತ್ತರಿ ಮೊದಲು, ತಿಳುವಳಿಕೆ ಅರ್ಧ ಶತಮಾನದ ಮೇಲೆ.

ಈಗ ತಿಳುವಳಿಕೆ ಇದೆ. ಸಣ್ಣ ವಯಸ್ಸಿಗೇ ಹೀಗಾದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಅಂತ ಗೊತ್ತು. ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಚಿಕಿತ್ಸೆ ಕೊಡುವ ಪದ್ಧತಿಯೂ ಇದೆ. ಕ್ಯಾನ್ಸರ್ ಭಯವಿದ್ದಾಗ ಅಂಡಾಶಯ ತೆಗೆಯಲೇಬೇಕಾಗಿ ಬರಬಹುದು, ಅದು ಬೇರೆ ಮಾತು. ಆದರೆ ಚಿಕ್ಕಮ್ಮನಿಗೆ ಯಾರೂ ಏನೂ ಹೇಳಲೇ ಇಲ್ಲವಲ್ಲ...

ನಿಮ್ಮ ಮನೆಯಲ್ಲಿ ಯಾರಿಗಾದರೂ ಗರ್ಭಕೋಶದ ಆಪರೇಷನ್ ಅಂದರೆ ಎರಡು ಪ್ರಶ್ನೆ ಕೇಳಿ. ಅಂಡಾಶಯ ಉಳಿಸ್ತೀರಾ? ತೆಗೆದರೆ ಮುಂದೇನು? ಚಿಕ್ಕಮ್ಮನ ಪರವಾಗಿ ನಾವ್ಯಾರೂ ಕೇಳಲಿಲ್ಲ.